ಅಡ್ಮಿನ್ ಕೈಯನ್ನೇ ಮೊದಲು ಕಟ್ಟಿದೆವು

ಮಲೆನಾಡಿನ ಅಡಿಕೆ ಬೆಳೆಗಾರರ ಒಂದು ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ನನ್ನ ಜೊತೆ ಇನ್ನೂ ನಾಲ್ಕು ಜನ ಇದ್ದಾರೆ. ಸದಸ್ಯರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯವರು ಜಾಸ್ತಿ. ಬಯಲುಸೀಮೆ ಕಡೆಯ ಚನ್ನಗಿರಿ, ಭೀಮಸಮುದ್ರದ ಬೆಳೆಗಾರರೂ ಇದ್ದಾರೆ. ಘಟ್ಟದ ಕೆಳಗೆ ಚಾಲಿ (ಬಿಸಿಲಿಗೆ ಒಣಗಿಸಿದ ಬಿಳಿ ಅಡಿಕೆ) ಮಾಡುವವರು ಕೆಲವರು. ಮಳೆಗಾಲದಲ್ಲಿ ಕೊಳೆರೋಗ, ಬೇಸಿಗೆಯಲ್ಲಿ ನೀರು, ಕೊಯ್ಲಿನಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಗದ ಗೋಳು, ಆಮೇಲೆ ಮಂಡಿಯ ರೇಟು. ವರ್ಷವಿಡೀ ಮಾತಿಗೆ ಬರವಿಲ್ಲ.

ಬೇರೆ ಗ್ರೂಪುಗಳ ಅಡ್ಮಿನ್‌ಗಳು ಆಗಾಗ ಫೋನ್ ಮಾಡಿ "ನಿಮ್ಮ ರೂಲ್ಸ್ ಕಳಿಸಿ, ನಾವೂ ಹಾಕ್ತೇವೆ" ಎನ್ನುತ್ತಾರೆ. ಕಳಿಸುತ್ತೇನೆ. ಆದರೆ ಆ ಪಟ್ಟಿ ಓದಿದರೆ ಅರ್ಧ ವಿಷಯ ತಿಳಿಯುವುದಿಲ್ಲ. ಅದು ಯಾವ ಜಗಳದಿಂದ ಹುಟ್ಟಿತು, ಯಾರ ವಿರುದ್ಧ ಬರೆದದ್ದು ಅನ್ನುವುದೇ ಮುಖ್ಯ. ನಮ್ಮ ನಿಯಮಗಳಲ್ಲಿ ಹೆಚ್ಚಿನವು ಸದಸ್ಯರಿಗಲ್ಲ, ಅಡ್ಮಿನ್‌ಗಳಿಗೆ ಬರೆದವು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಗ್ರೂಪ್ ಶುರುವಾದಾಗ ಒಂದು ಗ್ರೂಪಿಗೆ 256 ಜನ ಅಂತ ಮಿತಿ ಇತ್ತು. ಬಹುತೇಕ ಎಲ್ಲರೂ ಪರಿಚಯದವರು, ನೆಂಟರು, ಸೊಸೈಟಿಯಲ್ಲಿ ಸಿಗುವವರು. ಗ್ರೂಪ್ ಮಾಡಿದ ಹಿರಿಯರ ಮಾತೇ ನಿಯಮ. ಅವರು "ಸಾಕು ಮಾರಾಯ್ರೆ" ಎಂದರೆ ಜಗಳ ನಿಲ್ಲುತ್ತಿತ್ತು. 2022ರಲ್ಲಿ ವಾಟ್ಸಾಪ್ ಮಿತಿಯನ್ನು ಮೊದಲು 512ಕ್ಕೆ, ಅದೇ ವರ್ಷದ ಕೊನೆಗೆ 1024ಕ್ಕೆ ಏರಿಸಿತು. ಅಷ್ಟರಲ್ಲಿ ಎಲೆಚುಕ್ಕೆ ರೋಗ ಹೊಸನಗರದ ನಗರ ಹೋಬಳಿ, ಆಗುಂಬೆ, ಕಳಸ, ಶೃಂಗೇರಿಯ ತೋಟಗಳನ್ನು ಸುಡತೊಡಗಿತ್ತು. ಹೆದರಿದ ಜನ ಮಾಹಿತಿಗಾಗಿ ಎಲ್ಲಿ ಬಾಗಿಲು ತೆರೆದಿದೆಯೋ ಅಲ್ಲಿಗೆ ಬಂದರು. ಲಿಂಕ್ ಕೈಯಿಂದ ಕೈಗೆ ಹೋಯಿತು. ನೋಡನೋಡುತ್ತಿದ್ದಂತೆ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಮುಖ ಕಾಣದವರೇ ಹೆಚ್ಚಾದರು. ಮುಖ ಕಾಣದವರ ನಡುವೆ ಹಿರಿತನ ನಡೆಯುವುದಿಲ್ಲ. ಯಾಕೆ ಅಂದರೆ, ಇವರು ಯಾರು, ಇವರ ಮಾತು ಯಾಕೆ ಕೇಳಬೇಕು ಅಂತ ಹೊಸಬರಿಗೆ ಗೊತ್ತಿಲ್ಲ. ಅದು ಅವರ ತಪ್ಪೂ ಅಲ್ಲ.

ಆಗ ನಮ್ಮಲ್ಲಿದ್ದ ನಿಯಮ ಎಲ್ಲ ಕಡೆ ಇರುವಂಥದ್ದೇ. ಗುಡ್ ಮಾರ್ನಿಂಗ್ ಬೇಡ, ಫಾರ್ವರ್ಡ್ ಬೇಡ, ರಾಜಕೀಯ ಬೇಡ. ಮೊದಲೆರಡು ಸುಲಭ. ಮೂರನೆಯದರಿಂದ ಗ್ರೂಪಿನಲ್ಲಿ ಬಿರುಕು ಶುರುವಾಯಿತು.

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಕಡಿಮೆ ಬೆಲೆಗೆ ಹೊರದೇಶದಿಂದ ತರಿಸಬಾರದು ಅನ್ನುವ ಮಿತಿ) ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿತು. ಸುದ್ದಿ ಬಂದ ಕೂಡಲೇ ಗ್ರೂಪಿಗೆ ಬೆಂಕಿ ಬಿದ್ದ ಹಾಗಾಯಿತು. ರೇಟು ಬಿತ್ತು, ಇನ್ನು ಮುಗಿಯಿತು ಅಂತ ಒಬ್ಬರು. ಹಸಿ ಅಡಿಕೆ ಅಷ್ಟು ದೂರದಿಂದ ಬಂದು ಬೇಯಿಸಿ ಒಣಗಿಸಿದ ನಮ್ಮ ಕೆಂಪಡಿಕೆಗೆ ಏನು ಮಾಡೀತು ಅಂತ ಇನ್ನೊಬ್ಬರು. ಸರ್ಕಾರವನ್ನು ಬೈದ ಮೆಸೇಜುಗಳು ಡಿಲೀಟ್ ಆದವು. ಕಾರಣ "ರಾಜಕೀಯ". ಸರ್ಕಾರವನ್ನು ಸಮರ್ಥಿಸಿದ ಮೆಸೇಜುಗಳು ಉಳಿದವು. ಅವು "ಮಾಹಿತಿ" ಅಂತೆ. ಕೆಲವು ತಿಂಗಳ ನಂತರ, 2023ರ ಫೆಬ್ರವರಿಯಲ್ಲಿ, ಕನಿಷ್ಠ ಆಮದು ಬೆಲೆ ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಆಗ ಅಭಿನಂದನೆಯ ಪೋಸ್ಟರುಗಳು, ನಾಯಕರ ಫೋಟೋಗಳು ಬಂದವು. ಅವನ್ನು ಯಾರೂ ತೆಗೆಯಲಿಲ್ಲ. ಜನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನೋಡದೆ ಇರುತ್ತಾರೆಯೇ?

ನಮ್ಮ ಬೆಳೆಯ ಬೆಲೆ ದೆಹಲಿಯ ಒಂದು ಆದೇಶದಲ್ಲಿ ನಿರ್ಧಾರವಾಗುತ್ತದೆ. ಹಾಗಿರುವಾಗ "ರಾಜಕೀಯ ಬೇಡ" ಅನ್ನುವ ಮೂರು ಕಾಸಿನ ಸಾಲನ್ನು ಅಡಿಕೆ ಬೆಳೆಗಾರರ ಗ್ರೂಪಿನಲ್ಲಿ ಯಾರು ಹೇಗೆ ಬೇಕಾದರೂ ತಿರುಗಿಸಬಹುದು. ನಿಯಮ ಅಗಲವಾಗಿದ್ದಷ್ಟೂ ಅಡ್ಮಿನ್ ಮನಸ್ಸಿಗೆ ಜಾಗ ಜಾಸ್ತಿ. ಇದು ನಾನು ಕಲಿತ ಮೊದಲ ಪಾಠ. ಆಮೇಲೆ ಆ ಸಾಲನ್ನು ನಾವು ಕಿತ್ತು ಹಾಕಿ ಹೀಗೆ ಬರೆದೆವು: ಸರ್ಕಾರದ ಯಾವ ಆದೇಶ, ಯಾವ ತೀರ್ಮಾನವನ್ನೂ ಚರ್ಚಿಸಬಹುದು, ಬೈಯಲೂಬಹುದು, ಹೊಗಳಲೂಬಹುದು. ಆದೇಶದ ಪ್ರತಿ ಅಥವಾ ಪತ್ರಿಕೆಯ ವರದಿ ಜೊತೆಗಿರಬೇಕು. ಪಕ್ಷದ ಚಿಹ್ನೆ, ನಾಯಕರ ಫೋಟೋ, ಪೋಸ್ಟರ್ ಯಾರದ್ದೂ ಬೇಡ. ಫೋಟೋ ಇದೆಯೋ ಇಲ್ಲವೋ ಅನ್ನುವುದನ್ನು ಕಣ್ಣಿದ್ದ ಯಾರೂ ಹೇಳಬಹುದು. ಅದು ರಾಜಕೀಯವೋ ಅಲ್ಲವೋ ಅನ್ನುವುದನ್ನು ಅಡ್ಮಿನ್ ಒಬ್ಬನೇ ಹೇಳುವ ಹಾಗಾಗಬಾರದು.

ಆದರೆ ಗ್ರೂಪ್ ನಿಜವಾಗಿ ಎರಡಾದದ್ದು ಔಷಧಿಯ ವಿಷಯಕ್ಕೆ.

ಎಲೆಚುಕ್ಕೆಗೆ ಅಂತ ಒಂದು ಪೋಷಕಾಂಶದ ಬಾಟಲಿ ಆಗ ನಮ್ಮ ಕಡೆ ಜೋರಾಗಿ ಮಾರಾಟವಾಗುತ್ತಿತ್ತು. ಗ್ರೂಪಿನಲ್ಲೂ ಅದರ ಪ್ರಚಾರ ನಡೆದಿತ್ತು. ಹೊಸನಗರ ಕಡೆಯ ಒಬ್ಬ ಯುವಕ ಅದನ್ನು ತನ್ನ ತೋಟದ ಅರ್ಧಕ್ಕೆ ಹೊಡೆದು, ಅರ್ಧಕ್ಕೆ ಬಿಟ್ಟು, ಎರಡೂ ಕಡೆಯ ಫೋಟೋ ಹಾಕಿದ. ಏನೂ ವ್ಯತ್ಯಾಸ ಕಾಣಲಿಲ್ಲ ಅಂತ ಬರೆದ. ಯಾರನ್ನೂ ಬೈದಿರಲಿಲ್ಲ. ಆ ಮೆಸೇಜ್ ಡಿಲೀಟ್ ಆಯಿತು. 2022ರಿಂದ ಅಡ್ಮಿನ್ ಬೇರೆಯವರ ಮೆಸೇಜನ್ನು ಎಲ್ಲರಿಗೂ ಅಳಿಸಬಹುದು. ಅಳಿಸಿದ ಜಾಗದಲ್ಲಿ ಯಾವ ಅಡ್ಮಿನ್ ಅಳಿಸಿದರು ಅಂತ ಹೆಸರು ಉಳಿಯುತ್ತದೆ. ಅಲ್ಲಿ ನಮ್ಮ ಹಿರಿಯರ ಹೆಸರಿತ್ತು. ಬಾಟಲಿ ಮಾರುವವರು ಅವರಿಗೆ ಬೇಕಾದವರು ಅಂತ ಊರಿಗೆಲ್ಲ ಗೊತ್ತಿತ್ತು. ಹುಡುಗ "ಯಾಕೆ ತೆಗೆದಿರಿ ಅಣ್ಣಾ?" ಎಂದು ಕೇಳಿದ. ಉತ್ತರ ಬರಲಿಲ್ಲ. ಮತ್ತೆ ಕೇಳಿದ. ರಿಮೂವ್ ಆದ.

ಅವತ್ತು ರಾತ್ರಿಯೇ ಹಲವರು ಲೆಫ್ಟ್ ಆದರು. ಬೆಳಗಾಗುವಷ್ಟರಲ್ಲಿ ಇನ್ನೊಂದು ಗ್ರೂಪ್ ಹುಟ್ಟಿತು. ಅದರ ಹೆಸರಿನಲ್ಲೇ "ನಿಜವಾದ" ಅಂತ ಒಂದು ಮಾತು ಸೇರಿತ್ತು. ಅಲ್ಲಿಗೆ ಹೋದವರಲ್ಲಿ ನನ್ನ ಹತ್ತಿರದ ನೆಂಟರೂ ಇದ್ದರು. ಒಂದೇ ಕಣಿವೆಯ ತೋಟದವರು, ಒಂದೇ ಹಳ್ಳದ ನೀರು ಹಂಚಿಕೊಳ್ಳುವವರು, ಮೊಬೈಲಿನಲ್ಲಿ ಎರಡು ಬಣವಾದರು. ಸೊಸೈಟಿಯಲ್ಲಿ ಎದುರು ಸಿಕ್ಕರೆ ಮಾತಿಲ್ಲ. ಇದನ್ನು ನೋಡಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ರೋಗ ತೋಟದಿಂದ ತೋಟಕ್ಕೆ ಹಬ್ಬುವಾಗ ಬೆಳೆಗಾರರು ಮಾತು ಬಿಡುವುದು ಎಂಥ ನಷ್ಟ!

ಮುಂದೆ ಆದದ್ದು ಇನ್ನೂ ಮುಖ್ಯ. ಹೊಸ ಗ್ರೂಪಿಗೆ ಒಬ್ಬರೇ ಅಡ್ಮಿನ್. ಒಳ್ಳೆಯ ಮನುಷ್ಯ, ಅನ್ಯಾಯದ ವಿರುದ್ಧ ಹೊರಬಂದವರು. ಆದರೆ ಮುಂದಿನ ಕೊಯ್ಲು ಬರುವಷ್ಟರಲ್ಲಿ ಅವರೂ ಅದನ್ನೇ ಮಾಡತೊಡಗಿದರು. ಅವರ ಸಾವಯವ ಪದ್ಧತಿಯನ್ನು ಪ್ರಶ್ನಿಸಿದವರು ಒಬ್ಬೊಬ್ಬರಾಗಿ ಹೊರಗೆ. ಅಲ್ಲಿಂದ ಹೊರಬಿದ್ದವರು ನಮ್ಮ ಕಡೆ ಮರಳಿ ಬಂದರು. ಮನುಷ್ಯ ಬದಲಾದರೆ ಸಾಲದು ಅಂತ ಎರಡೂ ಕಡೆಯವರಿಗೆ ಒಟ್ಟಿಗೇ ಹೊಳೆದದ್ದು ಆಗ.

ಯುಗಾದಿ ಹೊತ್ತಿಗೆ, ಕೊಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಬಿಡುವಾದಾಗ, ಎರಡೂ ಗ್ರೂಪಿನ ಕೆಲವರು ಒಬ್ಬರ ಮನೆಯ ಅಂಗಳದಲ್ಲಿ ಕೂತೆವು. ಇದನ್ನು ಒತ್ತಿ ಹೇಳುತ್ತೇನೆ: ನಿಯಮ ಮಾಡಲು ಗ್ರೂಪಿನಲ್ಲೇ ಚರ್ಚೆ ಇಡಬೇಡಿ. ಮುಖ ನೋಡಿ ಮಾತಾಡಿ. ಬರೆದ ಸಾಲಿನಲ್ಲಿ ಸಿಟ್ಟು ಕಾಣುತ್ತದೆ, ನೋವು ಕಾಣುವುದಿಲ್ಲ. ಆ ಹುಡುಗ ಅಲ್ಲಿ ಬಂದಿದ್ದ. ಹಿರಿಯರೂ ಬಂದಿದ್ದರು. ಅವರ ವಾದ ಕೂಡ ಸುಮ್ಮನೆ ತಳ್ಳಿ ಹಾಕುವಂಥದ್ದಲ್ಲ. "ಯಾವುದಾದರೂ ಸುಳ್ಳು ಮೆಸೇಜಿಗೆ ಕೇಸ್ ಆದರೆ ಪೊಲೀಸರು ಯಾರ ಮನೆಗೆ ಬರ್ತಾರೆ? ನನ್ನ ಮನೆಗೆ. ಹಾಗಾಗಿ ನನಗೆ ಅನುಮಾನ ಬಂದದ್ದನ್ನು ತೆಗೀತೇನೆ" ಎಂದರು.

ಈ ಭಯ ಸುಳ್ಳಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವದಂತಿ ವಾಟ್ಸಾಪಿನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಅಮಾಯಕನನ್ನು ಜನ ಹೊಡೆದು ಕೊಂದರು. ಆಗ ಬಂಧಿತರಾದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಅಡ್ಮಿನ್ ಅಂದರೆ ಜೈಲಿಗೆ ದಾರಿ ಅನ್ನುವ ಮಾತು ಹಳ್ಳಿಹಳ್ಳಿಗೂ ಮುಟ್ಟಿದ್ದು ಆಗ. ನಂತರ ನ್ಯಾಯಾಲಯಗಳು ಇದನ್ನು ಸ್ವಲ್ಪ ಬಿಡಿಸಿ ಹೇಳಿವೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಅಂತ ಇದ್ದ ಮಾತ್ರಕ್ಕೆ ಒಬ್ಬರನ್ನು ಅಪರಾಧಿ ಮಾಡಲಾಗದು ಎಂದವು. ಅಡ್ಮಿನ್‌ಗೆ ಮುಖ್ಯವಾಗಿ ಇರುವುದು ಸೇರಿಸುವ, ತೆಗೆಯುವ ಅಧಿಕಾರ. ಯಾರು ಏನು ಬರೆಯುತ್ತಾರೆ ಅಂತ ಮೊದಲೇ ತಡೆಯುವ ಶಕ್ತಿ ಅವರಿಗಿಲ್ಲ ಅನ್ನುವುದು ಅದರ ತಿರುಳು. ತಾನೇ ಸೇರಿಕೊಂಡು ಮಾಡಿದ್ದರೆ ಅದು ಬೇರೆ ಮಾತು. ಇದನ್ನು ಗ್ರೂಪಿನಲ್ಲಿದ್ದ ಒಬ್ಬ ವಕೀಲರು ವಿವರಿಸಿದಾಗ ಹಿರಿಯರ ಮುಖದ ಬಿಗಿ ಸಡಿಲವಾಯಿತು. ಎಷ್ಟೋ ಅಡ್ಮಿನ್‌ಗಳ ದರ್ಪದ ಹಿಂದೆ ಇರುವುದು ಇಂಥ ಹೆದರಿಕೆ. ಅದನ್ನು ಮೊದಲು ಇಳಿಸದೆ ನಿಯಮದ ಮಾತು ಎತ್ತಿದರೆ ಅವರ ಕಿವಿಗೆ ಬೀಳುವುದಿಲ್ಲ.

ಇನ್ನೊಂದು ತಾಂತ್ರಿಕ ಗಂಟು ಇತ್ತು. ವಾಟ್ಸಾಪಿನಲ್ಲಿ ಗ್ರೂಪ್ ಶುರು ಮಾಡಿದವರನ್ನು ಬೇರೆ ಅಡ್ಮಿನ್‌ಗಳು ತೆಗೆಯಲಾಗದು, ಅವರ ಅಡ್ಮಿನ್ ಸ್ಥಾನವನ್ನೂ ಕಳೆಯಲಾಗದು. ಅವರು ತಾವಾಗಿ ಹೊರಗೆ ಹೋಗುವವರೆಗೆ ಅವರದ್ದೇ ಕೊನೆಯ ಅಧಿಕಾರ. ಉಳಿದ ಅಡ್ಮಿನ್‌ಗಳನ್ನು ಅವರು ಒಂದು ಬೆರಳಲ್ಲಿ ಇಳಿಸಬಹುದು. ಅಂದರೆ ಐದು ಜನ ಅಡ್ಮಿನ್ ಇದ್ದರೂ ಸಮಾನರಲ್ಲ. ಎಷ್ಟೇ ಚೆಂದದ ನಿಯಮ ಬರೆದರೂ ಈ ಒಂದು ಬೀಗದ ಕೈ ಒಬ್ಬರ ಹತ್ತಿರ ಇರುತ್ತದೆ. ನಾನು ಇದನ್ನು ಸಭೆಯಲ್ಲಿ ನೇರವಾಗಿ ಹೇಳಿದೆ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಿಮ್ಮ ನಂತರ ಯಾರೇ ಬಂದರೂ ಈ ಜಾಗ ಹೀಗೆ ಇರಬಾರದು" ಎಂದೆ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಒಂದು ವಾರದ ನಂತರ ಅವರು ತಾವೇ ಗ್ರೂಪಿನಿಂದ ಹೊರಗೆ ಹೋಗಿ, ಲಿಂಕ್ ಒತ್ತಿ, ಸಾಮಾನ್ಯ ಸದಸ್ಯರಾಗಿ ಒಳಗೆ ಬಂದರು. ಈಗ ಗ್ರೂಪ್ ಬಿಟ್ಟವರ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಬರುತ್ತದೆ. ಹಾಗಾಗಿ ಸದಸ್ಯರಿಗೆ ಕಂಡದ್ದು ಅವರು ಸೇರಿದ ಒಂದು ಸಾಲು ಮಾತ್ರ. ಗ್ರೂಪ್ ಕಟ್ಟಿದವರೇ ಹೊಸಬರ ಹಾಗೆ ಸೇರಿದ್ದು ನೋಡಿ ಹಲವರಿಗೆ ಅರ್ಥವಾಗಲಿಲ್ಲ. ಅರ್ಥವಾದವರು ಅವರಿಗೆ ಫೋನ್ ಮಾಡಿ ಮಾತಾಡಿಸಿದರು. ಅಧಿಕಾರ ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವರ ಮೇಲಿನ ಗೌರವ ನನಗೆ ಅವತ್ತಿನಿಂದ ಜಾಸ್ತಿಯಾಗಿದೆ.

ನಮ್ಮಲ್ಲಿ ಒಬ್ಬ ಕಿರಿಯ ಅಡ್ಮಿನ್ ಇದ್ದಾನೆ. ಕನ್ನಡ ವಿಕಿಪೀಡಿಯಾದಲ್ಲಿ ಬರೆಯುತ್ತಾನೆ. ಅಲ್ಲಿ ಚರ್ಚೆಗೆ ಅರಳಿ ಕಟ್ಟೆ ಅಂತ ಒಂದು ಪುಟವೇ ಇದೆಯಂತೆ, ಹೆಸರು ಕೇಳಿಯೇ ಖುಷಿಯಾಯಿತು. ಅವನು ಸಭೆಗೆ ಎರಡು ವಿಷಯ ತಂದ. ಒಂದು, ಇಂಗ್ಲಿಷ್ ವಿಕಿಪೀಡಿಯಾದ ಒಂದು ನಿಯಮ: ಜಗಳದಲ್ಲಿ ತಾನೇ ಒಂದು ಪಕ್ಷವಾಗಿರುವ ನಿರ್ವಾಹಕ ಆ ಜಗಳದಲ್ಲಿ ತನ್ನ ಅಧಿಕಾರ ಬಳಸುವ ಹಾಗಿಲ್ಲ, ಬೇರೆ ನಿರ್ವಾಹಕರಿಗೆ ಬಿಡಬೇಕು. ಎರಡು, ಕ್ರೊಯೇಷಿಯಾ ಭಾಷೆಯ ವಿಕಿಪೀಡಿಯಾದ ಕತೆ. ಅಲ್ಲಿ ಕೆಲವೇ ನಿರ್ವಾಹಕರು ಸುಮಾರು ಹತ್ತು ವರ್ಷ ಹಿಡಿತ ಇಟ್ಟುಕೊಂಡು, ಒಪ್ಪದವರನ್ನು ತಡೆಹಿಡಿದು, ತಮ್ಮ ದೇಶದ ಇತಿಹಾಸವನ್ನು ತಮಗೆ ಬೇಕಾದ ಹಾಗೆ ತಿರುಚಿದರು. ಕೊನೆಗೆ 2020ರಲ್ಲಿ ಅವರ ಮುಖಂಡನನ್ನು ಎಲ್ಲ ವಿಕಿಗಳಿಂದ ಹೊರಹಾಕಬೇಕಾಯಿತು. 2021ರಲ್ಲಿ ವಿಕಿಮೀಡಿಯಾ ಫೌಂಡೇಶನ್ ಇದರ ಬಗ್ಗೆ ವರದಿಯನ್ನೇ ಹೊರತಂದಿತು. ನಿಯಮಗಳೇ ಬರೆದಿಟ್ಟ ಕಡೆಯೂ ಹೀಗಾಗುತ್ತದೆ, ಒಂದೇ ಮನಸ್ಸಿನವರು ಎಲ್ಲ ಕುರ್ಚಿ ಹಿಡಿದರೆ. ಅದಕ್ಕೆ ನಮ್ಮ ಐದು ಅಡ್ಮಿನ್‌ಗಳು ಒಂದೇ ತಾಲ್ಲೂಕಿನವರಾಗಬಾರದು, ಒಂದೇ ಮನೆತನದವರಾಗಬಾರದು, ಒಬ್ಬರಾದರೂ ಬಯಲುಸೀಮೆಯವರಿರಬೇಕು, ಒಬ್ಬರಾದರೂ ತೋಟ ಮಾಡುವ ಹೆಂಗಸರಿರಬೇಕು ಅಂತ ಮಾಡಿದೆವು. ಔಷಧಿ, ಗೊಬ್ಬರ, ಸಸಿ ಮಾರುವವರು ಸದಸ್ಯರಾಗಬಹುದು, ಅಡ್ಮಿನ್ ಆಗುವ ಹಾಗಿಲ್ಲ. ಪ್ರತಿ ಯುಗಾದಿಗೆ ಇಬ್ಬರು ಇಳಿಯುತ್ತಾರೆ, ಇಬ್ಬರು ಬರುತ್ತಾರೆ.

ಬಯಲುಸೀಮೆಯ ಮಾತು ಯಾಕೆ ಬಂತು ಅಂದರೆ, ಅದೊಂದು ದೊಡ್ಡ ಗಾಯ. ಬಯಲಿನಲ್ಲಿ ಬೋರ್‌ವೆಲ್ ಕೊರೆಸಿ, ಗದ್ದೆ ತೆಗೆದು ಅಡಿಕೆ ಹಾಕಿದ್ದರಿಂದಲೇ ನಾಳೆ ರೇಟು ಬೀಳುತ್ತದೆ ಅಂತ ಮಲೆನಾಡಿನವರ ದೂರು. ನೂರಾರು ವರ್ಷ ನೀವೇ ಬೆಳೆದಿರಿ, ಈಗ ನಾವು ಬೆಳೆದರೆ ಹೊಟ್ಟೆಕಿಚ್ಚೇ ಅಂತ ಅವರ ಉತ್ತರ. ಚರ್ಚೆಗೆ ಯೋಗ್ಯವಾದ ವಿಷಯವೇ. ಆದರೆ ಅಡ್ಮಿನ್‌ಗಳೆಲ್ಲ ಮಲೆನಾಡಿನವರೇ ಇದ್ದಾಗ ಯಾರ ಮಾತು ಖಾರ ಅನ್ನಿಸುತ್ತಿತ್ತು, ಯಾರ ಮಾತು ಡಿಲೀಟ್ ಆಗುತ್ತಿತ್ತು ಅಂತ ಹೇಳಬೇಕಿಲ್ಲ, ಅಲ್ವಾ? ಚನ್ನಗಿರಿಯವರೊಬ್ಬರು ಅಡ್ಮಿನ್ ಆದ ಮೇಲೆ ಅದೇ ಖಾರದ ಮಾತು ಮುಂದುವರಿದಿದೆ, ಆದರೆ ಯಾರೂ ಗ್ರೂಪ್ ಬಿಟ್ಟಿಲ್ಲ.

ಈಗ ಒಬ್ಬರನ್ನು ತೆಗೆಯುವ ಕ್ರಮ ಹೇಳುತ್ತೇನೆ. ಇಬ್ಬರು ಅಡ್ಮಿನ್ ಒಪ್ಪಬೇಕು. ಆ ಇಬ್ಬರೂ ಆ ಜಗಳದಲ್ಲಿ ಒಂದು ಮಾತೂ ಆಡಿರಬಾರದು. ತೆಗೆಯುವ ಮೊದಲು ಗ್ರೂಪಿನಲ್ಲೇ ಒಂದು ಎಚ್ಚರಿಕೆ. ತೆಗೆದ ಮೇಲೆ ಯಾವ ನಿಯಮಕ್ಕೆ, ಎಷ್ಟು ಸಮಯಕ್ಕೆ ಅಂತ ಒಂದು ಸಾಲು ಬರೆಯಬೇಕು. ಮೊದಲ ಸಲ ಹದಿನೈದು ದಿನ. ನಂತರ ಲಿಂಕ್ ಕಳಿಸುವುದು ಅಡ್ಮಿನ್ ಕೆಲಸ, ಅವರು ಬಂದು ಕೇಳಬೇಕಾಗಿಲ್ಲ. ಇದು ಚಿಕ್ಕದಾಗಿ ಕಾಣುತ್ತದೆ. ಆದರೆ ಹೊರಗೆ ಹಾಕಿಸಿಕೊಂಡವರು ಮತ್ತೆ ಸೇರಿಸಿ ಅಂತ ಬೇಡಲು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಮಾನದ ಪ್ರಶ್ನೆ. ನಾವೇ ಕರೆದರೆ ಬಹುತೇಕ ಎಲ್ಲರೂ ಬರುತ್ತಾರೆ, ಮೊದಲಿಗಿಂತ ಸಮಾಧಾನವಾಗಿಯೇ ಇರುತ್ತಾರೆ.

ತೆಗೆಸಿಕೊಂಡವರಿಗೆ ಗ್ರೂಪಿನಲ್ಲಿ ಬಾಯಿ ಇಲ್ಲ. ಅವರ ಪರವಾಗಿ ಯಾರು ಮಾತಾಡಬೇಕು? ಅದಕ್ಕೆ ಅಡ್ಮಿನ್ ಅಲ್ಲದ ಮೂವರು ಸದಸ್ಯರನ್ನು ಇಟ್ಟಿದ್ದೇವೆ. ಅವರ ನಂಬರ್ ಗ್ರೂಪಿನ ವಿವರಣೆಯಲ್ಲಿದೆ. ಯಾರಿಗೆ ಅನ್ಯಾಯ ಆಯಿತು ಅನ್ನಿಸುತ್ತದೋ ಅವರು ಆ ಮೂವರಿಗೆ ಹೇಳಬಹುದು. ಮೂವರೂ ಒಪ್ಪಿದರೆ ಅಡ್ಮಿನ್‌ಗಳ ತೀರ್ಮಾನ ರದ್ದು. ಒಂದು ಸಲ ನನ್ನ ತೀರ್ಮಾನವೇ ರದ್ದಾಯಿತು. ಆ ಸದಸ್ಯರ ಮಾತು ಒರಟಾಗಿತ್ತು ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅವರನ್ನು ವಾಪಸ್ ಸೇರಿಸಿದ ಮೇಲೆ, ಅಡ್ಮಿನ್ ಮಾತಿನ ಮೇಲೂ ಇನ್ನೊಂದು ಮಾತು ಇದೆ ಅಂತ ಎಲ್ಲರಿಗೂ ಕಾಣಿಸಿತು. ನಿಯಮದ ಮೇಲೆ ನಂಬಿಕೆ ಹುಟ್ಟಿದ್ದು ಆವಾಗಲೇ.

ಡಿಲೀಟ್ ಮಾಡುವ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ. ಒಂದು ಮಳೆಗಾಲದಲ್ಲಿ ಯಾರೋ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ತಪ್ಪು ಹಾಕಿದರು. ಸರಿಯಾದದ್ದು ಶೇ. 1ರ ದ್ರಾವಣ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆಬೇರೆ ಕದಡಿ ಆಮೇಲೆ ಕೂಡಿಸಬೇಕು. ಅವರು ಸುಣ್ಣವನ್ನು ಕಾಲು ಭಾಗಕ್ಕೆ ಇಳಿಸಿದ್ದರು. ಸುಣ್ಣ ಕಡಿಮೆಯಾದರೆ ದ್ರಾವಣ ಹುಳಿಯಾಗಿ ಎಳೆಗಾಯಿ, ಸಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟುಹೋಗುತ್ತದೆ. ಕಬ್ಬಿಣದ ಚಾಕು ಅದ್ದಿ ನೋಡಿದರೆ ಗೊತ್ತಾಗುತ್ತದೆ, ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಹಳೆಯ ಕ್ರಮದಲ್ಲಾದರೆ ಆ ಮೆಸೇಜ್ ತಕ್ಷಣ ಡಿಲೀಟ್ ಆಗುತ್ತಿತ್ತು. ಆದರೆ ಅಷ್ಟರಲ್ಲಿ ಎಷ್ಟೋ ಜನ ಓದಿಯಾಗಿದೆ. ಕೆಲವರು ಚೀಟಿಯಲ್ಲಿ ಬರೆದು ಕೆಲಸದವರ ಕೈಗೆ ಕೊಟ್ಟೂ ಆಗಿದೆ. ಡಿಲೀಟ್ ಮಾಡಿದರೆ ತಪ್ಪು ಅಳಿಯುವುದಿಲ್ಲ, ತಪ್ಪು ಅಂತ ತಿಳಿಯುವ ದಾರಿ ಅಳಿಯುತ್ತದೆ. ಈಗ ನಮ್ಮ ಕ್ರಮ ಹೀಗೆ: ಅದೇ ಮೆಸೇಜಿಗೆ ರಿಪ್ಲೈ ಮಾಡಿ ಸರಿ ಅಳತೆ ಬರೆಯುತ್ತೇವೆ, ಅದನ್ನು ಮೇಲೆ ಪಿನ್ ಮಾಡುತ್ತೇವೆ, ಹಾಕಿದವರಿಗೆ ಫೋನ್ ಮಾಡುತ್ತೇವೆ. ಅವರನ್ನು ಯಾರೂ ಗ್ರೂಪಿನಲ್ಲಿ ಆಡಿಕೊಳ್ಳಬಾರದು. ತಪ್ಪು ಹೇಳಿದವರಿಗೆ ಅವಮಾನ ಆದರೆ ಮುಂದಿನ ಸಲ ಗೊತ್ತಿದ್ದವರೂ ಬಾಯಿ ಬಿಡುವುದಿಲ್ಲ.

ಔಷಧಿ, ಗೊಬ್ಬರದ ಅನುಭವ ಬರೆಯುವುದಕ್ಕೆ ಯಾವ ತಡೆಯೂ ಇಲ್ಲ. ಹೊಡೆದ ದಿನ, ಅಳತೆ, ಹೊಡೆಯದೆ ಬಿಟ್ಟ ಸಾಲಿನ ಫೋಟೋ ಇದ್ದರೆ ಒಳ್ಳೆಯದು. ಮಾರುವವರಿಗೆ ಉತ್ತರ ಕೊಡುವ ಹಕ್ಕಿದೆ. ಆದರೆ ಪ್ರಚಾರ ಭಾನುವಾರ ಮಾತ್ರ. ರೇಟು ಹಾಕುವವರು ಯಾವ ಮಂಡಿ, ಯಾವ ದಿನ, ಅಡಿಕೆಯ ದರ್ಜೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಅಂತ ಬರೆಯಲೇಬೇಕು. ಇದರ ಬಗ್ಗೆ ಜಗಳವೇ ಆಗಲಿಲ್ಲ, ಎಲ್ಲರಿಗೂ ಬೇಕಾಗಿತ್ತು.

ಬಹಳ ಕಷ್ಟವಾದದ್ದು ಹೆಂಗಸರ ವಿಷಯ. ತೋಟ ನೋಡಿಕೊಳ್ಳುವ ಹೆಂಗಸರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ, ಗ್ರೂಪಿನಲ್ಲಿ ಮಾತಾಡುವವರು ಕಡಿಮೆ. ಯಾಕೆ ಅಂತ ನಮಗೆ ಬಹಳ ಕಾಲ ಗೊತ್ತಿರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬ ಹೆಂಗಸು ಬೇರುಹುಳುವಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ರಾತ್ರಿ ಯಾರ್ಯಾರೋ ಅವರ ನಂಬರಿಗೆ "ಹಾಯ್" ಕಳಿಸುತ್ತಾರೆ. ಆಮೇಲೆ ಅವರು ಇನ್ನೊಮ್ಮೆ ಕೇಳುವುದಿಲ್ಲ. ನಾಗಪುರ ಪೀಠದ ಮುಂದೆ ಬಂದಿದ್ದ ಪ್ರಕರಣವೂ ಗ್ರೂಪಿನಲ್ಲಿದ್ದ ಒಬ್ಬ ಮಹಿಳೆಯ ಮೇಲೆ ಸದಸ್ಯನೊಬ್ಬ ಆಡಿದ ಕೆಟ್ಟ ಮಾತಿನದ್ದೇ. ಅಡ್ಮಿನ್ ಮೇಲೆ ಕೇಸ್ ನಿಲ್ಲಲಿಲ್ಲ ಸರಿ. ಹಾಗಂತ ನಮಗೆ ಸಂಬಂಧ ಇಲ್ಲ ಅನ್ನಲಾಗುತ್ತದೆಯೇ? ಕಾನೂನು ಬಿಟ್ಟರೂ ಊರು ಬಿಡುವುದಿಲ್ಲ, ಮನಸ್ಸಂತೂ ಬಿಡುವುದೇ ಇಲ್ಲ.

ಇಲ್ಲಿ ನಮ್ಮ ಉಳಿದ ನಿಯಮಗಳೇ ಅಡ್ಡ ಬಂದವು. ತೆಗೆದ ಕಾರಣ ಎಲ್ಲರಿಗೂ ಹೇಳಬೇಕು ಅಂತ ನಾವೇ ಬರೆದಿದ್ದೆವು. ಆದರೆ ಕಾರಣ ಹೇಳಿದರೆ ದೂರು ಕೊಟ್ಟವರು ಯಾರು ಅಂತ ಒಂದು ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮ ಮಹಿಳಾ ಅಡ್ಮಿನ್ ಪಟ್ಟು ಹಿಡಿದರು. "ನಿಮ್ಮ ಪಾರದರ್ಶಕತೆಗೆ ಅವಳು ಬೆಲೆ ಕೊಡಬೇಕೇನು?" ಎಂದು ಕೇಳಿದರು. ಅವರ ಮಾತೇ ನಿಂತಿತು. ಹೆಂಗಸರಿಗೆ ಕಿರುಕುಳ ಕೊಡುವ ಈ ಒಂದು ವಿಷಯಕ್ಕೆ ಎಚ್ಚರಿಕೆ ಇಲ್ಲ, ಹದಿನೈದು ದಿನದ ಲೆಕ್ಕವೂ ಇಲ್ಲ. ದೂರು ಮಹಿಳಾ ಅಡ್ಮಿನ್‌ಗೆ ನೇರವಾಗಿ ಹೋಗುತ್ತದೆ. ಸ್ಕ್ರೀನ್‌ಶಾಟ್ ನೋಡುವುದು ಅವರು ಮತ್ತು ಆ ಮೂವರಲ್ಲಿ ಒಬ್ಬರು. ಗ್ರೂಪಿನಲ್ಲಿ ಬರೆಯುವುದು "ನಿಯಮ 4" ಅಂತ ಅಷ್ಟೇ. ಗುಟ್ಟಾಗಿ ನಡೆಯುವ ಅಧಿಕಾರ ಅಪಾಯ ಅಂತ ನನಗೆ ಗೊತ್ತು. ಅದಕ್ಕೆ ಇಬ್ಬರು ನೋಡಬೇಕು ಅಂತ ಇಟ್ಟದ್ದು. ಈಗ ಹೆಂಗಸರ ಪ್ರಶ್ನೆಗಳು ಹೆಚ್ಚಾಗಿವೆ. ಎಲೆ ಗಿಡ್ಡವಾಗಿ ಮುದುಡುವ ಹಿಡಿಮುಂಡಿಗೆ ರೋಗದ ಬಗ್ಗೆ ನಮ್ಮ ಗ್ರೂಪಿನಲ್ಲಿ ಬಂದ ಅತ್ಯಂತ ಉಪಯೋಗದ ಬರಹ ಕೊಪ್ಪ ಕಡೆಯ ಒಬ್ಬ ಹೆಂಗಸಿನದ್ದು. ಬಸಿಗಾಲುವೆ ಆಳ ಮಾಡಿದ ಮೇಲೆ ಮರ ಹೇಗೆ ಚೇತರಿಸಿತು ಅಂತ ಅವರು ಫೋಟೋ ಸಮೇತ ಬರೆದಿದ್ದರು.

ಎರಡು ವಿಷಯದಲ್ಲಿ ಬೇರೆ ಅಡ್ಮಿನ್‌ಗಳಿಗೆ ನನ್ನ ಒತ್ತಾಯ ಇದೆ. ಜಗಳ ಬಂದಾಗ ಪೋಲ್ ಹಾಕಬೇಡಿ. ವಾಟ್ಸಾಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಸಾಲ ಕೊಟ್ಟವರ ಎದುರು, ಸೊಸೈಟಿ ನಿರ್ದೇಶಕರ ಎದುರು, ದೊಡ್ಡ ತೋಟದವರ ಎದುರು ಚಿಕ್ಕ ಹಿಡುವಳಿದಾರರು ಒತ್ತುವುದು ಅವರ ಮನಸ್ಸಿನ ಮತ ಅಲ್ಲ. ಅಡ್ಮಿನ್ ಆಯ್ಕೆಗೆ ನಾವು ಅಂಗಳದಲ್ಲಿ ಚೀಟಿ ಹಾಕುತ್ತೇವೆ, ಬರಲಾಗದವರು ಆ ಮೂವರಲ್ಲಿ ಒಬ್ಬರಿಗೆ ಫೋನಿನಲ್ಲಿ ಹೇಳುತ್ತಾರೆ. ಎರಡನೆಯದು, "ಅಡ್ಮಿನ್ ಮಾತ್ರ ಮೆಸೇಜ್ ಕಳಿಸಬಹುದು" ಅನ್ನುವ ಬಟನ್. ಜಗಳ ಜೋರಾದಾಗ ಕೈ ಅದರ ಕಡೆಗೇ ಹೋಗುತ್ತದೆ. 2023ರ ವಿಧಾನಸಭೆ ಚುನಾವಣೆ, 2024ರ ಲೋಕಸಭೆ ಚುನಾವಣೆ ಎರಡರಲ್ಲೂ ಮತದಾನದ ಹಿಂದಿನ ರಾತ್ರಿಗಳಲ್ಲಿ ಅದನ್ನು ಬಳಸಿದ್ದೇವೆ. ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಐದಕ್ಕೆ ತೆರೆಯುವುದು, ಮೊದಲೇ ತಿಳಿಸಿ. ಮುಚ್ಚಿರುವಾಗ ಅಡ್ಮಿನ್‌ಗಳೂ ಒಂದಕ್ಷರ ಬರೆಯಬಾರದು ಅಂತ ಸೇರಿಸಿದ್ದೇವೆ. ಎಲ್ಲರ ಬಾಯಿ ಮುಚ್ಚಿಸಿ ತಾನೊಬ್ಬನೇ ಮಾತಾಡುವುದಕ್ಕಿಂತ ದೊಡ್ಡ ದುರುಪಯೋಗ ಇಲ್ಲ.

ಆ ಹೊಸನಗರದ ಹುಡುಗ ಈಗ ಐದು ಅಡ್ಮಿನ್‌ಗಳಲ್ಲಿ ಒಬ್ಬ. ಹಿರಿಯರ ತೋಟದಲ್ಲೇ ಕಳೆದ ಮಳೆಗಾಲದಲ್ಲಿ ಎಲೆಚುಕ್ಕೆಗೆ ಮೂರು ಬಗೆಯ ಸಿಂಪಡಣೆ ಮಾಡಿ ಹೋಲಿಸಿ ನೋಡಿದರು. ಇಬ್ಬರೂ ಒಟ್ಟಿಗೆ ಗ್ರೂಪಿನಲ್ಲಿ ಫಲಿತಾಂಶ ಹಾಕಿದರು. ಆ ಹಳೆಯ ವಿಷಯ ಅವರು ಮಾತಾಡಿಕೊಂಡರೋ ಇಲ್ಲವೋ ನಾನು ಕೇಳಿಲ್ಲ.

ಬರುವ ಯುಗಾದಿಯ ಸಭೆಗೆ ಎರಡು ಪ್ರಶ್ನೆ ಬಾಕಿ ಇವೆ. ಗ್ರೂಪ್ 1024ರ ಹತ್ತಿರ ಬಂದಿದೆ. ಎರಡನೇ ಗ್ರೂಪ್ ಮಾಡಿದರೆ ಅದಕ್ಕೂ ಇವೇ ಐದು ಜನ ಅಡ್ಮಿನ್ ಆಗಬೇಕೋ, ಬೇರೆಯವರೋ? ನನ್ನ ಮತ ಬೇರೆಯವರಿಗೆ. ಇನ್ನೊಂದು, ಸುಮ್ನೆ ಓದುವ, ಯಾವತ್ತೂ ಬರೆಯದ ಸದಸ್ಯರನ್ನು ತೆಗೆದು ಹೊಸಬರಿಗೆ ಜಾಗ ಮಾಡಬೇಕು ಅಂತ ಇಬ್ಬರು ಅಡ್ಮಿನ್‌ಗಳು ಹೇಳುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಬರೆಯದವರಲ್ಲಿ ಎಷ್ಟೋ ಜನಕ್ಕೆ ಟೈಪ್ ಮಾಡಲು ಬರುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಗ್ರೂಪ್ ಓದಿಯೇ ತೋಟಕ್ಕೆ ಇಳಿಯುತ್ತಾರೆ. ಅವರ ಪರವಾಗಿ ಸಭೆಯಲ್ಲಿ ಮಾತಾಡಲು ನಾನು ಈಗಿನಿಂದಲೇ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳುತ್ತಿದ್ದೇನೆ, ಈ ವರ್ಷ ಗ್ರೂಪಿನಿಂದ ನಿಮಗೆ ಏನು ಉಪಯೋಗ ಆಯಿತು ಅಂತ.